ಬೀಗರ ಮನೆಯಲ್ಲಿ ಕೇಳಬಾರದ ಮಾತು

ಮೈಸೂರಿನ ಆ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡುವ ಕೋಣೆಗೆ ಕಿಟಕಿ ಇಲ್ಲ. ಬಾಗಿಲು ಮುಂದೆ ಮಾಡಿ ದೀಪ ಆರಿಸಿದರೆ ಸ್ಕ್ರೀನಿನ ಬೂದು ಬೆಳಕಷ್ಟೇ. ಆ ಬೆಳಕಿನಲ್ಲಿ ನಮ್ಮ ಹೆಣ್ಣುನಾಯಿಯನ್ನು ಅಂಗಾತ ಮಲಗಿಸಿ, ಅವಳ ಮುಂಗಾಲುಗಳನ್ನು ಹಿಡಿದುಕೊಂಡು ನಾನು ತಲೆಯ ಹತ್ತಿರ ನಿಂತಿದ್ದೆ. ಡಾಕ್ಟರಮ್ಮ ಇನ್ನೂ ಚಿಕ್ಕ ಹುಡುಗಿ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ, ಆ ಉಪಕರಣವನ್ನು ಅತ್ತ ಇತ್ತ ಜರುಗಿಸುತ್ತಾ ಸ್ಕ್ರೀನನ್ನೇ ನೋಡುತ್ತಿದ್ದಳು. ಮಾತಾಡಲಿಲ್ಲ. ಡಾಕ್ಟರುಗಳು ಮಾತು ನಿಲ್ಲಿಸಿದಾಗ ಏನರ್ಥ ಅಂತ ನನಗೆ ಬಹಳ ಹಿಂದಿನಿಂದ ಗೊತ್ತು.

ಹಿಂದಿನ ಸಲ ಬಂದಾಗ ಇದೇ ಸ್ಕ್ರೀನಿನಲ್ಲಿ ಕಪ್ಪು ದ್ರಾಕ್ಷಿಯ ಹಾಗೆ ಚೀಲಗಳಿದ್ದವು. ಒಂದೊಂದರೊಳಗೂ ಒಂದು ಚುಕ್ಕಿ ಮಿಣಮಿಣ ಅನ್ನುತ್ತಿತ್ತು. “ಅದೇ ಹಾರ್ಟ್‌ಬೀಟ್ ಆಂಟಿ, ನೋಡಿ” ಅಂತ ಅವಳೇ ತೋರಿಸಿದ್ದಳು. ಈಗ ದ್ರಾಕ್ಷಿಗಳೆಲ್ಲ ಒಣದ್ರಾಕ್ಷಿಯಾಗಿದ್ದವು. ಮಿಣಮಿಣ ಇರಲಿಲ್ಲ.

“ರಿಸಾರ್ಬ್ ಆಗ್ತಿದೆ ಆಂಟಿ” ಅಂದಳು ಕೊನೆಗೆ. “ನಾಯಿಗಳಲ್ಲಿ ಇಷ್ಟು ಬೇಗ ಹೋದರೆ ಹೊರಗೇನೂ ಬರಲ್ಲ. ಮೈಯೇ ವಾಪಸ್ ಹೀರಿಕೊಂಡುಬಿಡುತ್ತೆ. ಸ್ಕ್ಯಾನ್ ಮಾಡಿಸದೇ ಇದ್ದಿದ್ರೆ ಗಬ್ಬ ಕಟ್ಟಲೇ ಇಲ್ಲ ಅಂದುಕೊಳ್ತಿದ್ರಿ.”

ನಮ್ಮವಳ ಹೊಟ್ಟೆಯ ಜೆಲ್ಲನ್ನು ಟಿಶ್ಯೂ ತಗೊಂಡು ನಾನೇ ಒರೆಸಿದೆ. ನೆಲಕ್ಕೆ ಇಳಿಸಿದ ಕೂಡಲೇ ಮೈಯೆಲ್ಲ ಒದರಿ, ಬಾಲ ಆಡಿಸಿ, ಬಾಗಿಲ ಕಡೆ ಹೊರಟಳು. ಏನೂ ಗೊತ್ತಿಲ್ಲದವಳ ಹಾಗೆ. ಅಥವಾ ಗೊತ್ತಿದ್ದರೂ ಹೇಳಿಕೊಳ್ಳದವಳ ಹಾಗೆ, ಯಾರು ಬಲ್ಲರು. ಇದು ಎರಡನೇ ಸಲ. ಹಿಂದಿನ ಬೆದೆಯಲ್ಲೂ ಹೀಗೇ, ಮೊದಲ ಸ್ಕ್ಯಾನಿನಲ್ಲಿ ಇದ್ದದ್ದು ಎರಡನೆಯದರಲ್ಲಿ ಇರಲಿಲ್ಲ.

ಆಟೋದಲ್ಲಿ ಶ್ರೀರಂಗಪಟ್ಟಣಕ್ಕೆ ವಾಪಸ್ ಬರುವಾಗ ಅವಳು ನನ್ನ ತೊಡೆಯ ಮೇಲೆ ನಿಂತು ಹೊರಗೆ ಮೂತಿ ಹಾಕಿ ಗಾಳಿ ಕುಡಿಯುತ್ತಿದ್ದಳು. ಆಟೋ ಓಡಿಸುವ ಭಾಯ್ ನಮ್ಮ ಗಂಜಾಂ ಕಡೆಯವರೇ. ನಾಯಿಯನ್ನು ಮುಟ್ಟುವವರಲ್ಲ, ಆದರೆ ನಮ್ಮವಳಿಗೋಸ್ಕರ ಸೀಟಿನ ಮೇಲೆ ಹಾಸಲು ಒಂದು ಗೋಣಿತಾಟು ಬೇರೆಯೇ ಇಟ್ಟಿದ್ದಾರೆ. ಕಾವೇರಿ ಸೇತುವೆ ದಾಟಿದ ಮೇಲೆ, “ಈ ಸಲಾನೂ ಇಲ್ವಾ ಅಮ್ಮಾ?” ಅಂದರು. ಇಲ್ಲ ಅಂದೆ. “ಅಲ್ಲಾ ಇಟ್ಟಂಗೆ” ಅಂತ ಹೇಳಿ ಗೇರು ಬದಲಿಸಿದರು.

ಇದು ಒಂದು ನಾಯಿಯ ವಿಷಯ, ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದೇನು ಅಂತ ಕೇಳುವವರಿದ್ದಾರೆ. ಅವರಿಗೆ ಹೇಳಬೇಕಾದ್ದು ಸ್ವಲ್ಪ ಇದೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಈ ದ್ವೀಪಕ್ಕೆ ಬಂದ ಹೊಸದರಲ್ಲಿ ನನಗೆ ಒಂದರ ಹಿಂದೊಂದು ಬಸಿರು ನಿಲ್ಲಲಿಲ್ಲ. ಹೊಟ್ಟೆ ಕಾಣಿಸುವ ಮೊದಲೇ ಹೋಗಿಬಿಡುತ್ತಿತ್ತು. ಅತ್ತೆ ಕೆಟ್ಟವರಲ್ಲ. ನನಗೆ ಕಷಾಯ ಕುಡಿಸಿದರು, ಹರಕೆ ಹೊತ್ತರು, ಅರಳಿ ಮರ ಸುತ್ತಿಸಿದರು, ಕೊನೆಗೆ ಮೈಸೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲವೂ ನನಗೆ. ನಮ್ಮ ಯಜಮಾನರನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಅದು ಯಾರಿಗೂ ತೋಚಲೇ ಇಲ್ಲ, ಇಷ್ಟು ಓದಿದ ನನಗೂ ತೋಚಲಿಲ್ಲ. ದೋಷ ಯಾರದಿತ್ತು, ಇತ್ತೋ ಇಲ್ಲವೋ, ಈಗ ತಿಳಿಯುವ ದಾರಿಯಿಲ್ಲ, ತಿಳಿಯಬೇಕು ಅಂತಲೂ ಇಲ್ಲ.

ಕೊನೆಯದೂ ಹೋದ ಮೇಲೆ ಒಂದು ಸಂಜೆ ಅವರು ಆಫೀಸಿನಿಂದ ಬರುವಾಗ ಬೆತ್ತದ ಬುಟ್ಟಿಯಲ್ಲಿ ಟವೆಲ್ ಮುಚ್ಚಿಕೊಂಡು ಒಂದು ಡ್ಯಾಶ್‌ಹೌಂಡ್ ಮರಿ ತಂದರು. ಕಂದು ಬಣ್ಣ, ಉದ್ದ ಮೈ, ಗೇಣುದ್ದವೂ ಇಲ್ಲದ ಕಾಲು. “ಇದಕ್ಕೆ ಹಾಲು ಹಾಕು” ಅಂದರು. ನಮ್ಮ ಹೋದ ಮಕ್ಕಳ ಬಗ್ಗೆ ಅವರು ಜೀವಮಾನದಲ್ಲಿ ಆಡಿದ ಮಾತು ಅದೊಂದೇ ಅಂತ ನಾನು ತಿಳಿದುಕೊಂಡಿದ್ದೇನೆ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಆ ಮರಿ ದೊಡ್ಡದಾಗಿ ಮರಿ ಹಾಕಿತು, ಅದರ ಮಗಳು ಹಾಕಿತು, ಆ ಮಗಳ ಮಗಳು ಹಾಕಿತು. ಪ್ರತಿ ಸೂಲಿನಲ್ಲೂ ಒಂದು ಹೆಣ್ಣನ್ನು ಮನೆಯಲ್ಲಿ ಉಳಿಸಿಕೊಂಡು ಮಿಕ್ಕವನ್ನು ಬೇಕಾದವರಿಗೆ ಕೊಡುವುದು ನಮ್ಮ ಪದ್ಧತಿ. ಯಜಮಾನರು ಹೋದರು, ಪದ್ಧತಿ ಉಳಿಯಿತು. ಈಗ ಇರುವವಳು ಆ ಬುಟ್ಟಿಯಿಂದ ಇಳಿದುಬಂದ ಎಳೆಯ ತುದಿ. ಇವಳಿಂದ ಒಂದು ಹೆಣ್ಣುಮರಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಇನ್ನು ಬೀಗರ ವಿಷಯ.

ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವ ರೈತರೊಬ್ಬರ ಹತ್ತಿರ ಗಂಡು ಡ್ಯಾಶ್‌ಹೌಂಡ್ ಇದೆ ಅಂತ ಯಾರೋ ಹೇಳಿದ್ದರು. ಕಬ್ಬಿನ ಗದ್ದೆಯಲ್ಲಿ ಹೆಗ್ಗಣದ ಕಾಟ ವಿಪರೀತ. ಈ ಗಿಡ್ಡ ನಾಯಿ ಬಿಲಕ್ಕೇ ನುಗ್ಗಿ ಹಿಡಿಯುತ್ತದೆ ಅಂತ ಅವನ ಹೆಸರು ಪಾಂಡವಪುರ ದಾಟಿ ಕೆ.ಆರ್. ಪೇಟೆ, ನಾಗಮಂಗಲದವರೆಗೂ ಹೋಗಿತ್ತು. ಎಲ್ಲರಿಗೂ ಅವನ ಮರಿಯೇ ಬೇಕು. ಮೊದಲ ದಿನ ನಾನು ನಮ್ಮವಳನ್ನು ಕರೆದುಕೊಂಡು ಹೋದಾಗ ಆ ರೈತರು ಜಗುಲಿಯಿಂದಲೇ, “ಬನ್ನಿ ಬನ್ನಿ ಬೀಗ್ತೀರೇ, ಎಣ್ಣು ತಂದ್ರಾ?” ಅಂದರು. ಜಗುಲಿ ಮೇಲಿದ್ದ ನೆರೆಯವನೊಬ್ಬ ನಮ್ಮವಳನ್ನು ನೋಡಿ, “ದೇವ್ರು ಇದ್ಕೆ ಕಾಲ್ ಅಂಟ್ಸದ್ನ ಮರ್ತ್‌ಬುಟ್ಟವ್ನೆ ಕಣ್ಲಾ” ಅಂದ. “ಲೇ, ನಮ್ ಸೊಸೆ ಕಣ್ಲಾ ಅದು, ಬಾಯ್ ಮುಚ್ಕಂಡಿರು” ಅಂದರು ಇವರು. ಅವರ ಹೆಂಡತಿ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ತಂದು ನನಗೆ ಕೊಟ್ಟರು. ಕೊಟ್ಟ ಕೈಯಲ್ಲೇ ನಮ್ಮವಳ ಹಣೆಗೆ ಕುಂಕುಮದ ಒಂದು ಬೊಟ್ಟು.

ನಮ್ಮ ಕಡೆ ನಾಯಿ ಜೋಡಿ ಮಾಡಿಸುವವರೆಲ್ಲ ಹೀಗೇ. ಗಂಡುನಾಯಿಯವರು ಗಂಡಿನ ಕಡೆ, ಹೆಣ್ಣುನಾಯಿಯವರು ಹೆಣ್ಣಿನ ಕಡೆ. ಹೆಣ್ಣನ್ನೇ ಗಂಡಿನ ಮನೆಗೆ ಒಯ್ಯಬೇಕು. ಮರಿಯಾದಾಗ ಮೊದಲ ಆಯ್ಕೆ ಗಂಡಿನವರದು, ಅದಕ್ಕೆ ಗಂಡಿನ ಪಾಲು ಅಂತಲೇ ಹೆಸರು. ಮೊದಮೊದಲು ಎಲ್ಲ ತಮಾಷೆ. ಆದರೆ ತಮಾಷೆಯಲ್ಲಿ ಶುರುವಾದ ಬೀಗತನ ನಿಜವಾದ ಬೀಗತನದ ಹಾಗೇ ಗಟ್ಟಿಯಾಗುತ್ತದೆ. ಹಬ್ಬಕ್ಕೆ ಅವರು ಅಚ್ಚುಬೆಲ್ಲ ಕಳಿಸುತ್ತಿದ್ದರು, ನಾನು ಅವರ ಮೊಮ್ಮಗಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಆ ಗಂಡುನಾಯಿಯ ಹೆಸರೇ ಅಳಿಯ ಅಂತಾಯಿತು. ಮೊದಲ ಸಲ ಬಸಿರು ನಿಲ್ಲದೇ ಹೋದಾಗ ಬೀಗರು ಫೋನಿನಲ್ಲಿ, “ಬುಡಿ, ಎಣ್ಣು ವಸಿ ಸೂಕ್ಷ್ಮ. ಮುಂದ್ಲ ಸಲ ನಿಲ್ತದೆ” ಅಂದರು. ನಾನೂ ಹೂಂ ಅಂದೆ.

ಎರಡನೇ ಸಲ ಹೋದ ಮೇಲೆ ಡಾಕ್ಟರಮ್ಮ ಬಿಡಲಿಲ್ಲ. ಹಾರ್ಮೋನು ನೋಡಿದಳು, ಸರಿಯಿತ್ತು. ಆಮೇಲೆ ಇನ್ನೊಂದು ರಕ್ತಪರೀಕ್ಷೆಗೆ ಕಳಿಸಿದಳು. ಖಾತ್ರಿಯಾಗಲಿ ಅಂತ ಅದನ್ನೇ ಮತ್ತೊಮ್ಮೆ ಮಾಡಿಸಿದಳು. ಬ್ರುಸೆಲ್ಲಾ ಅಂತ ಒಂದು ಇನ್‌ಫೆಕ್ಷನ್. ನಾಯಿ ನಾಯಿ ಕೂಡುವಾಗ ಹರಡುತ್ತದೆ. ಹೊರಗೆ ನೋಡಿದರೆ ಗಟ್ಟಿಮುಟ್ಟಾಗಿಯೇ ಇರುತ್ತವೆ, ಊಟ ಓಟ ಯಾವುದಕ್ಕೂ ಕಡಿಮೆಯಿಲ್ಲ. ಗರ್ಭ ಮಾತ್ರ ಉಳಿಯುವುದಿಲ್ಲ.

“ಗಂಡು ಯಾವುದು ಆಂಟಿ? ಅದಕ್ಕೆ ಟೆಸ್ಟ್ ಆಗಿದೆಯಾ?”

ಇಲ್ಲ ಅಂದೆ.

“ಕೇಳಲಿಲ್ವಾ?”

ಆ ಹುಡುಗಿಗೆ ಏನು ಹೇಳಲಿ. ಹೆಣ್ಣಿನ ಕಡೆಯವರು ಗಂಡಿನ ಮನೆಯ ಜಗುಲಿ ಮೇಲೆ ಕೂತು, ಎಲೆ ಅಡಿಕೆ ತಟ್ಟೆ ಕೈಯಲ್ಲಿ ಹಿಡಿದುಕೊಂಡು, ನಿಮ್ಮ ಗಂಡಿಗೆ ಕಾಯಿಲೆ ಇಲ್ಲ ತಾನೇ ಅಂತ ಕೇಳುವುದು ಎಲ್ಲಾದರೂ ಉಂಟೇ. ಕಾನ್ವೆಂಟಿನಲ್ಲಿ ನಮಗೆ ಹೈಜೀನ್ ಅಂತ ಒಂದು ಸಬ್ಜೆಕ್ಟೇ ಇತ್ತು, ಉಗುರು ತೋರಿಸದೆ ಸಿಸ್ಟರ್ ಒಳಗೆ ಬಿಡುತ್ತಿರಲಿಲ್ಲ. ಅಷ್ಟೆಲ್ಲ ಕಲಿತ ನನಗೂ ಬೀಗರ ಮನೆಯಲ್ಲಿ ಆ ಪ್ರಶ್ನೆ ಬ್ಯಾಡ್ ಮ್ಯಾನರ್ಸ್ ಅನ್ನಿಸಿತ್ತೇ ಹೊರತು ಬೇರೇನೂ ಅನ್ನಿಸಿರಲಿಲ್ಲ. ಈ ತಾಲೂಕುಗಳಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನಮ್ಮವಳ ಮಟ್ಟಿಗೆ ತೀರ್ಮಾನ ಅವತ್ತೇ ಆಯಿತು. ಔಷಧಿ ಕೊಟ್ಟರೂ ಪೂರ್ತಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ, ಇನ್ನು ಜೋಡಿ ಮಾಡಿಸಬಾರದು, ಗರ್ಭಕೋಶ ತೆಗೆಸಿಬಿಡಬೇಕು, ಅವಳ ಜಾಗ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಬೇಕು, ಅಪರೂಪಕ್ಕೆ ಮನುಷ್ಯರಿಗೂ ಬರುತ್ತದೆ ಅಂದಳು ಡಾಕ್ಟರಮ್ಮ. ಆಪರೇಷನ್ ಆದ ದಿನ ಅವಳನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದು ಮಲಗಿಸಿದೆ. ಅಷ್ಟು ವರ್ಷದ ಎಳೆ ಮುಗಿಯಿತು ಅಂತ ಜೋರಾಗಿ ಹೇಳಿಕೊಳ್ಳಲೂ ಮನೆಯಲ್ಲಿ ಯಾರೂ ಇರಲಿಲ್ಲ. ಹೇಳಿಕೊಂಡು ಆಗುವುದೂ ಏನೂ ಇರಲಿಲ್ಲ.

ಅವಳ ಹೊಲಿಗೆ ಬಿಚ್ಚಿದ ಮೇಲೆ ಭಾಯ್ ಆಟೋದಲ್ಲಿ ಕ್ಯಾತನಹಳ್ಳಿಗೆ ಹೊರಟೆ. ಡಾಕ್ಟರಮ್ಮ ಹೇಳಿದ್ದಳು, ಗಂಡುನಾಯಿಗೆ ಟೆಸ್ಟ್ ಆಗಲೇಬೇಕು, ಇಲ್ಲದಿದ್ದರೆ ಅದು ಹೋದಲ್ಲೆಲ್ಲ ಇದೇ ಆಗುತ್ತೆ ಅಂತ.

ಬೀಗರು ಎಂದಿನ ಹಾಗೆ ಜಗುಲಿ ಮೇಲಿದ್ದರು. ಅವರ ಹೆಂಡತಿ ಹೊಸಿಲ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏನ್ ಬೀಗ್ತೀರೇ, ಬಸ್ರಿ ಎಂಗವ್ಳೆ?”

“ನಿಲ್ಲಲಿಲ್ಲ ಬೀಗರೇ.”

“ಈ ಸಲವೂವಾ?” ಬಾಯಲ್ಲಿ ಲೊಚಗುಟ್ಟಿದರು. “ಆಟೋದಾಗೆ ಕುಲುಕ್ಕಂಡು ಕುಲುಕ್ಕಂಡು ಓಯ್ತೀರಲ್ಲ, ಅದ್ಕೇ ಅಂಗಾಗಿರದು.”

ಗೇಟಿನ ಹತ್ತಿರ ನಿಂತಿದ್ದ ಭಾಯ್, “ಅಣ್ಣಾ, ನನ್ ಗಾಡಿ ಮೇಲೆ ಆಕ್ಬೇಡಿ. ಗುಂಡಿ ಇರೋದು ನಿಮ್ಮೂರ್ ರೋಡಲ್ಲಿ” ಅಂದರು.

ಬೀಗರು ನಕ್ಕರು. ನಾನು ನಗಲಾರದೆ, “ಒಂದು ಮಾತು ಕೇಳಬೇಕು, ತಪ್ಪು ತಿಳೀಬೇಡಿ” ಅಂದೆ. “ಅಳಿಯನಿಗೆ ಒಂದು ಬ್ಲಡ್ ಟೆಸ್ಟ್ ಮಾಡಿಸಬೇಕು.”

“ಯಾಕೆ?”

“ನಮ್ಮವಳಿಗೆ ಒಂದು ಇನ್‌ಫೆಕ್ಷನ್ ಇದೆ ಅಂತ ಗೊತ್ತಾಗಿದೆ. ಕೂಡುವಾಗ ಬರುವಂಥದ್ದು. ಅವಳು ಬೇರೆ ಯಾವ ಗಂಡನ್ನೂ ಕಂಡವಳಲ್ಲ.”

ಅವರ ಮುಖದಲ್ಲಿದ್ದ ನಗು ಹಾಗೇ ನಿಂತುಕೊಂಡಿತು, ಅದರೊಳಗಿನ ಬಿಸಿ ಮಾತ್ರ ಹೋಯಿತು.

“ಅಂದ್ರೆ ನಮ್ಮೋನಿಂದ ಬಂತು ಅಂತೀರಿ.”

“ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತೆ ಅಂತೀನಿ.”

“ಅಂದಂಗೇ ಆಯ್ತಲ್ಲಮ್ಮ.” ಬೀಗ್ತಿ ಹೋಗಿ ಅಮ್ಮ ಆಗಿದ್ದೆ. “ಈ ಸುತ್ತಿನಾಗೆ ಇವತ್ಗಂಟ ಯಾರೂ ನಮ್ ಮನೆ ಬಾಗ್ಲಿಗೆ ಬಂದು ಗಂಡಿನ್ ರಕ್ತ ಕೊಡಿ ಅಂತ ಕೇಳಿಲ್ಲ. ಅಲ್ನೋಡಿ, ಬೆಳಿಗ್ಗೆ ಎದ್ದೋನೇ ಎಗ್ಗಣ ಒಡ್ದು ತಂದು ಬಾಗ್ಲಲ್ಲಿ ಆಕವ್ನೆ. ಕಾಯ್ಲೆ ಇರೋನು ಅಂಗಿರ್ತನಾ?”

ಅಳಿಯ ಹುಲ್ಲಿನ ಮೆದೆಯ ನೆರಳಲ್ಲಿ ಕಾಲು ಚಾಚಿ ಮಲಗಿದ್ದ. ಹೊಳೆಯುವ ಮೈ, ತುಂಬಿದ ಎದೆ. ನನ್ನನ್ನು ನೋಡಿ ಬಾಲವನ್ನೊಮ್ಮೆ ನೆಲಕ್ಕೆ ಬಡಿದ.

ಆಗ ಹೊಸಿಲ ಹತ್ತಿರದಿಂದ ಅವರ ಹೆಂಡತಿ, ಕಾಯಿಯಿಂದ ಕಣ್ಣು ತೆಗೆಯದೆ, “ಕೇಯಾರ್ ಪೇಟೆಯೋರ್ಗೂ ನಿಲ್ನಿಲ್ಲ” ಅಂದರು.

“ನೀ ಸುಮ್ಕಿರು.”

“ನಾಗಮಂಗ್ಲದೋರ್ಗೂ ನಿಲ್ನಿಲ್ಲ. ಅವ್ರು ಫೋನ್ ಮಾಡ್ದಾಗ ನೀವೇ ಅಂದ್ರಲ್ಲ, ನಿಮ್ ಎಣ್ಣು ಸರಿ ಇಲ್ಲ, ಬ್ಯಾರೇದ್ ನೋಡ್ಕಳಿ ಅಂತ. ಈಗ ಈ ಅಮ್ಮಾರ್ದೂ ಸರಿ ಇಲ್ಲ. ಎಲ್ರ ಮನೆ ಎಣ್ಣೂ ಕೆಟ್ಟೋಗದೆ, ಇವ್ನೊಬ್ಬ ನೆಟ್ಗವ್ನೆ ಅನ್ನಿ.”

ಅವರು ಅದನ್ನು ಗಂಡನಿಗೆ ಹೇಳುತ್ತಿದ್ದರು, ನಾಯಿಯ ಬಗ್ಗೆ ಹೇಳುತ್ತಿದ್ದರು. ಈ ಮಾತನ್ನು ನಮ್ಮ ಅತ್ತೆಯ ಮುಂದೆ ಆಡಲು ಅಂದು ನಮ್ಮ ಮನೆಯ ಹೊಸಿಲ ಹತ್ತಿರ ಯಾರೂ ಕೂತಿರಲಿಲ್ಲ.

ಬೀಗರು ಎದ್ದು ಕೊಟ್ಟಿಗೆಯ ಕಡೆ ಹೋದರು. ನಾನು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಹೊರಟಾಗ ಅವರ ಹೆಂಡತಿ ಒಂದು ಮೊರದಷ್ಟು ಅವರೆಕಾಯಿಯನ್ನು ನನ್ನ ಚೀಲಕ್ಕೆ ಸುರಿದು, “ವಸಿ ದಿನ ಬುಡಿ ಅಮ್ಮಾರೇ, ಅವ್ರೇ ಬತ್ತರೆ” ಅಂದರು.

ಅವರು ಹೇಳಿದ ಹಾಗೇ ಆಯಿತು. ಕೆಲವು ದಿನ ಬಿಟ್ಟು ಬೀಗರ ಫೋನು. ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ. “ಆ ಡಾಕ್ಟ್ರು ಯಾವತ್ತಿರ್ತರೆ?”

ಅಳಿಯನ ರಕ್ತದಲ್ಲೂ ಅದೇ ಬಂತು. ಯಾವ ಹೆಣ್ಣಿನಿಂದ ಅವನಿಗೆ ಬಂದಿತ್ತೋ, ಅವನಿಂದ ಎಷ್ಟು ಹೆಣ್ಣುಗಳಿಗೆ ಹೋಗಿತ್ತೋ ಯಾರಿಗೂ ತಿಳಿಯದು. ಡಾಕ್ಟರಮ್ಮ ಬೀಗರಿಗೆ ಎಲ್ಲ ಬಿಡಿಸಿ ಹೇಳಿದಳು, ಬೀಜ ಒಡೆಸಬೇಕು, ಔಷಧಿ ಕೊಡಬೇಕು, ಇನ್ನು ಯಾವ ಹೆಣ್ಣಿನ ಹತ್ತಿರವೂ ಬಿಡಬಾರದು, ಈಗಾಗಲೇ ಬಂದು ಹೋದ ಹೆಣ್ಣುಗಳ ಮನೆಯವರಿಗೆ ತಿಳಿಸಬೇಕು. ಬೀಗರು ತಲೆ ತಗ್ಗಿಸಿಕೊಂಡು ಎಲ್ಲಕ್ಕೂ ಹೂಂ ಅಂದರು. ಹೊರಗೆ ಬಂದು ತಮ್ಮ ಹಳೇ ವ್ಯಾನಿಗೆ ಒರಗಿ ನಿಂತು, ನಾಯಿಯ ಕಿವಿ ಸವರುತ್ತಾ, “ಕೇಯಾರ್ ಪೇಟೆ ಒಂದು, ನಾಗಮಂಗ್ಲ ಒಂದು. ಉಳ್ದೋವು ನಮ್ಮೂರ್ ಪಕ್ಕದೋವು, ಅವರ್ಗೆ ನಾನೇ ಏಳ್ತೀನಿ” ಅಂದರು. “ಆ ಎರ್ಡು ಕಡೆಗೆ ನೀವೂ ಬರ್ಬೇಕು. ಆ ಇಂಗ್ಲಿಸ್ ಎಸ್ರು ನನ್ ಬಾಯಲ್ಲಿ ಬರಕಿಲ್ಲ.” ನಾಯಿಯನ್ನು ವ್ಯಾನಿಗೆ ಹತ್ತಿಸುತ್ತಾ, “ಒಬ್ನೇ ಓದ್ರೆ ಯಾವ್ ಮಾತೂ ಬರಕಿಲ್ಲ” ಅಂದರು.

“ನಾಗಮಂಗಲದಲ್ಲಿ ಯಾರ ಮನೆ?”

“ತೆಂಗಿನ್‌ಕಾಯಿ ಮಂಡಿಯೋರು. ನಿಮ್ ಕಡೆಯಿಂದ್ಲೇ ಮರಿ ತಂದಿದ್ದು ಅಂದಿದ್ರಪ್ಪ.”

ನಮ್ಮವಳ ಜೊತೆ ಹುಟ್ಟಿದ ತಂಗಿಯನ್ನು ನಾನೇ ಕೈಯಾರೆ ಆ ತೆಂಗಿನಕಾಯಿ ವ್ಯಾಪಾರಿಗೆ ಕೊಟ್ಟಿದ್ದೆ. ಅವಳನ್ನೂ ಇದೇ ಗಂಡಿಗೆ ತಂದಿದ್ದರು ಅನ್ನುವುದು ನನಗೆ ತಿಳಿದಿರಲಿಲ್ಲ. ಡಾಕ್ಟರಮ್ಮನ ಹತ್ತಿರ ವಾಪಸ್ ಒಳಗೆ ಹೋಗಿ ಕೇಳಿದೆ. ಕೂಡಿದ ಪ್ರತಿ ಹೆಣ್ಣಿಗೂ ಬರಲೇಬೇಕು ಅಂತಿಲ್ಲ ಆಂಟಿ, ನಿಲ್ಲದ್ದಕ್ಕೆ ಬೇರೆ ಕಾರಣವೂ ಇರಬಹುದು, ಟೆಸ್ಟ್ ಮಾಡದೆ ಹೇಳೋಕಾಗಲ್ಲ ಅಂದಳು. ಬರಲೇಬೇಕು ಅಂತಿಲ್ಲ. ಆ ಎರಡು ಪದಗಳನ್ನು ಮನೆಗೆ ತಂದು ದಿನವೆಲ್ಲ ಅವನ್ನೇ ಹೊರಳಿಸಿ ಹೊರಳಿಸಿ ನೋಡಿದೆ. ತಂಗಿಗೆ ಇಲ್ಲದಿದ್ದರೆ. ಅವಳಿಗೆ ಒಳ್ಳೆಯ ಗಂಡು ಹುಡುಕಿದರೆ. ಒಂದು ಹೆಣ್ಣುಮರಿ.

ಕೆ.ಆರ್. ಪೇಟೆಯ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. ಮನೆಯ ಯಜಮಾನ ಕೈಕಟ್ಟಿಕೊಂಡು, “ನಮ್ ನಾಯೀನ ಬಂಜೆ ಬಂಜೆ ಅಂತ ಬೀದಿಯೋರೆಲ್ಲ ಆಡ್ಕಂಡ್ರು. ಅದ್ರ ಮುಖ ನೋಡ್ದೆ ನಮ್ಮಪ್ಪ ಬಾಗ್ಲು ದಾಟ್ತಿದ್ದ. ಈಗ ಬಂದು ಏಳ್ತಿದೀರಾ?” ಅಂದ. ಬೀಗರು, “ತಪ್ಪಾಗದೆ ಸ್ವಾಮಿ, ನಮ್ ಕಡೆಯಿಂದ ತಪ್ಪಾಗದೆ” ಅಂತ ಅದೊಂದೇ ಮಾತನ್ನು ಹೇಳಿದರು. ಗಂಡಿನ ಕಡೆಯವರು ಹೀಗೆ ಹೆಣ್ಣಿನ ಕಡೆಯವರ ಅಂಗಳದಲ್ಲಿ ಕೈಮುಗಿದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಂತೋಷವೇನೂ ಆಗಲಿಲ್ಲ. ಟೆಸ್ಟ್ ಎಲ್ಲಿ ಮಾಡಿಸಬೇಕು ಅಂತ ನಾನು ವಿವರವಾಗಿ ಹೇಳಿದೆ. ಅಷ್ಟರಲ್ಲಿ ಅವರ ನಾಯಿ ಒಳಗಿನಿಂದ ಬಂದು ಬೀಗರ ಪಂಚೆ ಮೂಸಿ ನೋಡಿತು. ಅವರು ಬಗ್ಗಿ ಅದರ ತಲೆ ಮುಟ್ಟಿದರು.

ನಾಗಮಂಗಲ ತಲುಪಿದಾಗ ಮಧ್ಯಾಹ್ನ. ಮಂಡಿಯ ಅಂಗಳದಲ್ಲಿ ಕಾಯಿಯ ರಾಶಿ, ಸಿಪ್ಪೆಯ ರಾಶಿ. ವ್ಯಾಪಾರಿ ನನ್ನನ್ನು ಗುರುತಿಸಿ ಎದ್ದು ಬಂದು, ಎಳನೀರು ಕೊಚ್ಚಿಸಿ ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ, “ನಮ್ಮ ಹುಡುಗಿ ಎಲ್ಲಿ?” ಅಂದೆ.

ಅವರು ಬೀಗರ ಮುಖ ನೋಡಿದರು, ಆಮೇಲೆ ನೆಲ ನೋಡಿದರು. “ಅದು ಮರಿ ಆಕ್ಲಿಲ್ವಲ್ಲಮ್ಮ. ಎರ್ಡು ಸಲವೂ ನಿಲ್ನಿಲ್ಲ. ಮನೇಲಿ ಸೊಸೆ ಬಸ್ರಿ. ಇಂಥದ್ದು ಮನೇಲಿರದು ಬ್ಯಾಡ ಅಂತ ನಮ್ಮವ್ವ ಒಂದೇ ಅಟ ಇಡುದ್ಲು. ಮೇಲ್ಕೋಟೆ ಬೆಟ್ಟದ್ ಅತ್ರ ಬುಟ್‌ಬಂದೊ. ದೇವಸ್ಥಾನ ಅಲ್ವಾ, ಒಟ್ಟೆಗೇನೂ ತೊಂದ್ರೆ ಆಗಕಿಲ್ಲ ಅಂತ.”

ಬೀಗರು, “ನನ್ ಒಂದ್ ಮಾತು ಕೇಳ್ಬಾರ್ದಿತ್ತಾ ಅಣ್ಣ, ಬುಡೋಕ್ ಮುಂಚೆ” ಅಂದರು.

“ಕೇಳಿದ್ದೆನಲ್ಲ. ಎಣ್ಣು ಸರಿ ಇಲ್ಲ ಅಂದೋರು ನೀವೇ ಅಲ್ವ್ರಾ.”

ನಾನು ಎಳನೀರನ್ನು ಕುಡಿಯದೆ ಕಟ್ಟೆಯ ಮೇಲಿಟ್ಟೆ. ಆ ಮನುಷ್ಯನ ಮೇಲೆ ಸಿಟ್ಟು ಮಾಡಬೇಕು ಅಂತ ಪ್ರಯತ್ನಪಟ್ಟೆ, ಬರಲಿಲ್ಲ. ಊಟಕ್ಕೆ ತೊಂದರೆಯಾಗದ ಜಾಗ ನೋಡಿಯೇ ಬಿಟ್ಟಿದ್ದ. ನನ್ನನ್ನೂ ಆ ಕಾಲದಲ್ಲಿ ಎಲ್ಲರೂ ಚೆನ್ನಾಗಿಯೇ ನೋಡಿಕೊಂಡಿದ್ದರು, ಸೀಮಂತದ ಮನೆಗಳಿಗೆ ಮಾತ್ರ ಕರೆಯುತ್ತಿರಲಿಲ್ಲ.

ಮೇಲುಕೋಟೆಗೆ ಹೋಗುವ ದಾರಿಯಲ್ಲಿ ಬೀಗರು ವ್ಯಾನನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಓಡಿಸುತ್ತಿದ್ದರು. ನಾನು ಕಿಟಕಿಯಿಂದ ಒಣ ಹೊಲಗಳನ್ನು, ಹುರುಳಿಯ ಗುಡ್ಡೆಗಳನ್ನು ನೋಡುತ್ತಾ ಮತ್ತೆ ಅದನ್ನೇ ಯೋಚಿಸುತ್ತಿದ್ದೆ. ಸಿಕ್ಕರೆ. ಸಿಕ್ಕಿದವಳಿಗೆ ಇಲ್ಲದಿದ್ದರೆ. ಬೀದಿಯಲ್ಲಿದ್ದವಳು ಈ ನಡುವೆ ಯಾವ ನಾಯಿಯ ಜೊತೆ ಇದ್ದಳೋ ಅನ್ನುವುದು ನನಗೆ ಹೊಳೆಯದೇ ಇರಲಿಲ್ಲ. ಆಸೆ ಅನ್ನುವುದು ಇಂಥ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ.

ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಕಲ್ಯಾಣಿಯ ಹತ್ತಿರದ ಕಲ್ಲಿನ ಮೇಲೆ ಕೂತೆ. ಬೀಗರು ಸಿಕ್ಕ ಸಿಕ್ಕವರನ್ನು ವಿಚಾರಿಸುತ್ತಾ ಹೊರಟರು. ಹುಡುಕುವುದು ಕಷ್ಟವಾಗಲಿಲ್ಲ. ಗಿಡ್ಡ ಕಾಲಿನ ಉದ್ದ ನಾಯಿ ಆ ಊರಿಗೆಲ್ಲ ಒಂದೇ. “ಬೆಟ್ಟದ ಮೆಟ್ಲತ್ರ ತುಳಸಿ ಅಂಗಡಿಯೋಳ ಹತ್ರ ಇರತ್ತೆ” ಅಂತ ಅರ್ಚಕರ ಮನೆಯ ಹುಡುಗಿಯೊಬ್ಬಳು ಹೇಳಿದಳಂತೆ. ಬೀಗರು ವಾಪಸ್ ಬಂದು ನನ್ನ ತೋಳು ಹಿಡಿದು ನಿಧಾನವಾಗಿ ಕರೆದುಕೊಂಡು ಹೋದರು.

ತುಳಸಿ, ಹೂವು, ಹಣ್ಣುಕಾಯಿ ಮಾರುವ ಹೆಂಗಸು. ನನಗಿಂತ ಸ್ವಲ್ಪ ಚಿಕ್ಕವಳಿರಬಹುದು. ತಗಡಿನ ಮಾಡಿನ ಕೆಳಗೆ, ಬುಟ್ಟಿಗಳ ನಡುವೆ, ನಮ್ಮವಳದೇ ಮುಖ, ನಮ್ಮವಳದೇ ಕಂದು ಕಣ್ಣು. ತೆಳ್ಳಗಾಗಿದ್ದಳು. ಒಂದು ಕಿವಿಯ ತುದಿ ಹರಿದಿತ್ತು. ನಾನು ಕರೆದೆ. ಮರಿಯಾಗಿದ್ದಾಗ ಕೇಳಿದ ದನಿ ನೆನಪಿತ್ತೋ ಇಲ್ಲವೋ, ಎದ್ದು ಬಂದು ನನ್ನ ಕೈ ಮೂಸಿದಳು. ಮೂಸಿ ವಾಪಸ್ ಹೋಗಿ ಅದೇ ಬುಟ್ಟಿಯ ಪಕ್ಕ ಮಲಗಿದಳು.

ನಾನು ವಿಷಯವೆಲ್ಲ ಹೇಳಿದೆ. ನನ್ನ ಮನೆಯಲ್ಲಿ ಹುಟ್ಟಿದ್ದು, ಕಾಯಿಲೆ ಇರಬಹುದು, ರಕ್ತ ನೋಡಿಸಬೇಕು, ಕಾಯಿಲೆ ಇಲ್ಲ ಅಂತಾದರೆ ನಾನು ಕರೆದುಕೊಂಡು ಹೋಗಿ ಸಾಕುತ್ತೇನೆ ಅಂತ.

ಆ ಹೆಂಗಸು ತುಳಸಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ. “ರಕ್ತ ನೋಡ್ಸಿ. ನಾನೂ ಬತ್ತೀನಿ. ವಾಪಸ್ ನಾನೇ ಕರ್ಕಂಬತ್ತೀನಿ.”

ನಾವು ತಂಗಿಯನ್ನು ಮಾರನೆಯ ದಿನವೇ ಮೈಸೂರಿಗೆ ಒಯ್ದೆವು. ಆ ಹೆಂಗಸು ಅಂಗಡಿ ಮುಚ್ಚಿ ಬಂದು, ವ್ಯಾನಿನ ಹಿಂದೆ ನಾಯಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ರಿಸಲ್ಟ್ ಬರುವವರೆಗೆ ನಾನು ದೇವರ ಕೋಣೆಯಲ್ಲಿ ದೀಪ ಹಚ್ಚುವಾಗ ಏನನ್ನೂ ಬೇಡಿಕೊಳ್ಳಲಿಲ್ಲ, ಬೇಡಿಕೊಂಡು ಅಭ್ಯಾಸ ತಪ್ಪಿ ಬಹಳ ಕಾಲವಾಗಿದೆ. ಆದರೂ ಫೋನು ಬಂದಾಗ ಮೊದಲ ರಿಂಗಿಗೇ ಎತ್ತಿದೆ.

ಅವಳಿಗೂ ಇತ್ತು.

ಆ ದಿನ ನಮ್ಮವಳು ನನ್ನ ಕಾಲ ಹತ್ತಿರ ಮಲಗಿದ್ದಳು. ಬಗ್ಗಿ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತೆ. ಬುಟ್ಟಿಯಿಂದ ಇಳಿದ ಎಳೆ ಇಲ್ಲಿಗೆ ನಿಂತಿತು. ಯಜಮಾನರು ಹೋದ ದಿನ ಅಳು ಬಂದಿರಲಿಲ್ಲ, ಅವತ್ತು ಬಂತು.

ತಂಗಿಗೂ ಆಪರೇಷನ್ ಆಯಿತು. ಗಾಯ ಒಣಗುವವರೆಗೆ ನಮ್ಮ ಮನೆಯಲ್ಲಿಟ್ಟುಕೊಂಡಿದ್ದು, ಆಮೇಲೆ ಬೀಗರ ವ್ಯಾನಿನಲ್ಲಿ ಬೆಟ್ಟಕ್ಕೆ ಬಿಡಲು ಹೋದೆವು. ಇಟ್ಟುಕೊಳ್ಳೋಣ ಅನ್ನಿಸಿತ್ತು. ಆದರೆ ಅವಳು ನಮ್ಮ ಮನೆಯಲ್ಲಿದ್ದಷ್ಟು ದಿನವೂ ಗೇಟಿನ ಹತ್ತಿರವೇ ಮಲಗುತ್ತಿದ್ದಳು.

ತುಳಸಿ ಅಂಗಡಿಯವಳಿಗೆ ಔಷಧಿಯ ಚೀಟಿ, ಗ್ಲೌಸು ಕೊಟ್ಟು, ಎಲ್ಲವನ್ನೂ ಎರಡೆರಡು ಸಲ ಹೇಳಿದೆ. ಕೊನೆಗೆ ಹೇಳಲೇಬೇಕಲ್ಲ ಅಂತ, “ಇನ್ನು ಇವಳು ಮರಿ ಹಾಕಲ್ಲಮ್ಮ” ಅಂದೆ. ನನ್ನ ದನಿ ಕ್ಷಮೆ ಕೇಳುವವಳ ದನಿಯಂತಿತ್ತು ಅನ್ನುವುದು ನನಗೇ ಕೇಳಿಸಿತು.

ಅವಳು ಹಣ್ಣುಕಾಯಿಯ ಬುಟ್ಟಿಯನ್ನು ಸರಿಸಿ ಜಾಗ ಮಾಡುತ್ತಿದ್ದಳು. ಅಲ್ಲಿ ಒಂದು ಹೊಸ ಗೋಣಿ ಹಾಸಿತ್ತು.

“ಆಕ್ದಿದ್ರೆ ಬುಡಿ” ಅಂದಳು. “ನಾನೇನ್ ಮರಿಗಂತ ಇಟ್ಕಂಡಿದ್ನಾ?”

ಬೀಗರು ಮುಖ ಆ ಕಡೆ ತಿರುಗಿಸಿಕೊಂಡರು. ನಾಯಿ ಗೋಣಿಯ ಮೇಲೆ ಒಂದು ಸುತ್ತು ಹಾಕಿ ಮಲಗಿತು. ಹೂವು ಕೊಳ್ಳುವವರು ಬಂದರು, ಅವಳು ಮೊಳ ಹಾಕಲು ಶುರು ಮಾಡಿದಳು. ನಾವು ದಾರಿ ಬಿಟ್ಟು ನಿಂತೆವು.